ಕ್ಯಾನ್ಸರ್ ರೋಗಿಗಳಿಗೆ ದೂರ ಸಮಾಲೋಚನೆ: ತಜ್ಞವೈದ್ಯರ ನಿಲುವು ಹಾಗೂ ಸಾರ್ವಜನಿಕರ ತಿಳುವಳಿಕೆಗಾಗಿ ಮಾಹಿತಿ

ಪೀಠಿಕೆ

ರೋಗಿಯು ಆಸ್ಪತ್ರೆಗೆ ಬಾರದೆ ದೂರವಾಣಿ, ವಿಡಿಯೋ ಕರೆ ಅಥವಾ ಲಿಖಿತ ಸಂದೇಶದ ಮೂಲಕ ವೈದ್ಯರ ಸಲಹೆ ಪಡೆಯುವ ವ್ಯವಸ್ಥೆಯನ್ನು ದೂರ ಸಮಾಲೋಚನೆ ಎಂದು ಕರೆಯಲಾಗುತ್ತದೆ. ಜನಬಳಕೆಯಲ್ಲಿ ಇದಕ್ಕೆ ಟೆಲಿಮೆಡಿಸಿನ್ ಎಂಬ ಹೆಸರೇ ಹೆಚ್ಚು ಪರಿಚಿತ. ಕ್ಯಾನ್ಸರ್ ಚಿಕಿತ್ಸೆಗೆ ಸಂಬಂಧಿಸಿದಂತೆ ಸಾರ್ವಜನಿಕರ ಮನವಿಗಳಲ್ಲಿ ಪರಸ್ಪರ ವಿರುದ್ಧವಾದ ಎರಡು ಆಕ್ಷೇಪಣೆಗಳು ಕಂಡುಬರುತ್ತವೆ. ಎರಡು ನಿಮಿಷದ ಮಾತಿಗಾಗಿ ನಾನೂರು ಐನೂರು ಕಿಲೋಮೀಟರ್ ದೂರದಿಂದ ನಮ್ಮನ್ನು ಕರೆಸಲಾಯಿತು, ಅದನ್ನು ಫೋನಿನಲ್ಲಿಯೇ ಹೇಳಬಹುದಾಗಿತ್ತು ಎಂಬುದು ಒಂದು. ತಾಯಿಯನ್ನು ಮುಟ್ಟಿ ನೋಡದೆ ಬರೀ ಫೋನಿನಲ್ಲಿ ಮಾತನಾಡಿ ಮುಗಿಸಿದರು ಎಂಬುದು ಇನ್ನೊಂದು. ಎರಡನ್ನೂ ಬರೆದವರು ನೊಂದವರೇ. ಯಾವ ಭೇಟಿಯನ್ನು ದೂರದಿಂದ ನಡೆಸಬಹುದು, ಯಾವುದನ್ನು ನಡೆಸಬಾರದು ಎಂದು ಕ್ಯಾನ್ಸರ್ ತಜ್ಞರು ಹೇಗೆ ತೀರ್ಮಾನಿಸುತ್ತಾರೆ ಎಂಬುದು ತಿಳಿದಿದ್ದಲ್ಲಿ ಇವುಗಳಲ್ಲಿ ಬಹುಪಾಲು ಆಕ್ಷೇಪಣೆಗಳು ಉದ್ಭವಿಸುವುದಿಲ್ಲ. ಆದುದರಿಂದ ಈ ಪುಟವನ್ನು ಸಿದ್ಧಪಡಿಸಲಾಗಿದೆ.

ಹಿನ್ನೆಲೆ

ದೂರ ಸಮಾಲೋಚನೆಯು ಕೋವಿಡ್ ಕಾಲದಲ್ಲಿ ಹುಟ್ಟಿದ್ದೆಂಬ ಭಾವನೆ ಸರಿಯಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2001–02ರ ಸುಮಾರಿಗೆ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಹೆಗ್ಗಡದೇವನಕೋಟೆ ಭಾಗದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಿತ್ತು. ಅದು ಮುಖ್ಯವಾಗಿ ಹೃದ್ರೋಗಿಗಳಿಗಾಗಿ. ಕ್ಯಾನ್ಸರ್ ಕ್ಷೇತ್ರದಲ್ಲಿ ನೆರೆಯ ಕೇರಳದ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು 2000ರ ದಶಕದ ಆರಂಭದಲ್ಲಿಯೇ ಆಂಕೋನೆಟ್ ಎಂಬ ಜಾಲದ ಮೂಲಕ ತನ್ನ ಹೊರಕೇಂದ್ರಗಳೊಂದಿಗೆ ಸಂಪರ್ಕ ಸ್ಥಾಪಿಸಿತು. 2012ರಲ್ಲಿ ಆರಂಭವಾದ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವು ಸಮನ್ವಯಗೊಳಿಸುವ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನಲ್ಲಿ ದೇಶದ ಬೇರೆ ಬೇರೆ ಊರುಗಳ ತಜ್ಞರು ವಿಡಿಯೋ ಮೂಲಕ ಸೇರಿ ಕ್ಲಿಷ್ಟ ಪ್ರಕರಣಗಳನ್ನು ಚರ್ಚಿಸುವ ಪದ್ಧತಿ ಇದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೇಲ್ಕಂಡ ವ್ಯವಸ್ಥೆಗಳಲ್ಲಿ ತೆರೆಯ ಎರಡೂ ಕಡೆ ವೈದ್ಯರೋ ಆರೋಗ್ಯ ಸಿಬ್ಬಂದಿಯೋ ಇರುತ್ತಾರೆ. ರೋಗಿಯನ್ನು ಮುಟ್ಟಿ ನೋಡಿದ ಒಬ್ಬರು, ನೋಡದ ತಜ್ಞರಿಗೆ ತಾವು ಕಂಡದ್ದನ್ನು ಹೇಳುತ್ತಾರೆ. ಇದಕ್ಕೆ ಕ್ಯಾನ್ಸರ್ ತಜ್ಞರಿಂದ ಹೇಳಿಕೊಳ್ಳುವಂತಹ ವಿರೋಧ ಎಂದೂ ಬಂದಿಲ್ಲ. ಹಿಂಜರಿಕೆ ಇರುವುದು ತೆರೆಯ ಆಚೆ ರೋಗಿ ಮತ್ತು ಮನೆಯವರು ಮಾತ್ರ ಇರುವಾಗ. ದೂರ ಸಮಾಲೋಚನೆಗೆ ವೈದ್ಯರ ವಿರೋಧವಿದೆ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಹಿಂಜರಿಕೆಗೆ ಕಾನೂನಿನ ಕಾರಣವೂ ಇತ್ತು. 2020ಕ್ಕೆ ಮೊದಲು ದೂರದಿಂದ ಔಷಧಿ ಸೂಚಿಸುವುದರ ಬಗ್ಗೆ ದೇಶದಲ್ಲಿ ಸ್ಪಷ್ಟ ನಿಯಮಗಳಿರಲಿಲ್ಲ. ಮಹಾರಾಷ್ಟ್ರದ ರತ್ನಾಗಿರಿಯಲ್ಲಿ ವೈದ್ಯರು ಊರಲ್ಲಿಲ್ಲದಾಗ ದೂರವಾಣಿ ಸೂಚನೆಯ ಮೇರೆಗೆ ಚಿಕಿತ್ಸೆ ಪಡೆದ ಬಾಣಂತಿಯೊಬ್ಬರು ಮೃತಪಟ್ಟ ಪ್ರಕರಣದಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು 2018ರ ಜುಲೈ ತಿಂಗಳಲ್ಲಿ ಸಂಬಂಧಿತ ವೈದ್ಯರಿಗೆ ನಿರೀಕ್ಷಣಾ ಜಾಮೀನನ್ನು ನಿರಾಕರಿಸಿತು. ಆ ಆದೇಶದ ನಂತರ ಫೋನಿನಲ್ಲಿ ಒಂದು ಮಾತ್ರೆಯ ಹೆಸರನ್ನು ಹೇಳುವುದಕ್ಕೂ ವೈದ್ಯರು ಅಳುಕುವಂತಾಯಿತು. ಅದು ಪ್ರಸೂತಿ ಪ್ರಕರಣವಾಗಿದ್ದರೂ ವಿಷಕಾರಿ ಔಷಧಗಳನ್ನು ದಿನವೂ ಬಳಸುವ ಕ್ಯಾನ್ಸರ್ ತಜ್ಞರು ಅದರಿಂದ ಪಾಠ ಕಲಿಯದೆ ಇರುವುದು ಸಾಧ್ಯವಿರಲಿಲ್ಲ.

ಕೋವಿಡ್ ಲಾಕ್‌ಡೌನ್ ಜಾರಿಗೆ ಬಂದ 2020ರ ಮಾರ್ಚ್ 25ರಂದೇ ದೂರವೈದ್ಯಕೀಯ ಮಾರ್ಗಸೂಚಿ ಹೊರಬಂದಿತು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ವಿನಿಯಮಗಳಿಗೆ ಅನುಬಂಧವಾಗಿ ಅದನ್ನು ಸೇರಿಸಲಾಯಿತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ವಿನಿಯಮಗಳನ್ನು ಹೊರಡಿಸಿ ಅದೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿದು, 2002ರ ವಿನಿಯಮಗಳನ್ನೇ ಮುಂದುವರಿಸಿತು. ಈ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಮಾತ್ರ ದೂರ ಸಮಾಲೋಚನೆ ನಡೆಸಬಹುದು. ರೋಗಿಯೇ ಕರೆ ಮಾಡಿದಲ್ಲಿ ಅವರ ಸಮ್ಮತಿ ಇದೆಯೆಂದು ಭಾವಿಸಲಾಗುತ್ತದೆ. ಆಸ್ಪತ್ರೆಯ ಶುಲ್ಕದಂತೆಯೇ ಇದಕ್ಕೂ ಶುಲ್ಕ ಪಡೆಯಲು ಅವಕಾಶವಿದೆ. ವೈದ್ಯರು ದಾಖಲೆಯನ್ನು ಕಾಪಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದೂರ ಸಮಾಲೋಚನೆ ಸಾಕೋ, ರೋಗಿ ಖುದ್ದಾಗಿ ಬರಬೇಕೋ ಎಂಬ ತೀರ್ಮಾನವು ಆಯಾ ವೈದ್ಯರ ವೃತ್ತಿ ವಿವೇಚನೆಗೆ ಬಿಟ್ಟದ್ದು. ಆದುದರಿಂದ 'ನೀವು ಬರಲೇಬೇಕು' ಎಂದು ವೈದ್ಯರು ಹೇಳಿದರೆ ಅದು ಸೇವೆಯ ನಿರಾಕರಣೆ ಆಗುವುದಿಲ್ಲ.

ವೈದ್ಯರು ಖುದ್ದು ಭೇಟಿಗೆ ಒತ್ತಾಯಿಸುವುದೇಕೆ

ಕ್ಯಾನ್ಸರಿನಲ್ಲಿ ಮೊದಲ ಭೇಟಿಗೆ ಬದಲಿ ಇಲ್ಲ. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಂಡುಬರುವ ಬಾಯಿಯ ಕ್ಯಾನ್ಸರನ್ನೇ ತೆಗೆದುಕೊಳ್ಳಬಹುದು. ಹುಣ್ಣಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸಬಹುದು, ನಿಜ. ಆದರೆ ಹುಣ್ಣಿನ ಬುಡ ಎಷ್ಟು ಗಟ್ಟಿಯಾಗಿದೆ, ಅದು ದವಡೆಯ ಮೂಳೆಗೆ ಅಂಟಿಕೊಂಡಿದೆಯೇ, ಬಾಯಿ ಎಷ್ಟು ಬೆರಳು ತೆರೆಯುತ್ತದೆ, ಕತ್ತಿನಲ್ಲಿ ಗಂಟುಗಳಿವೆಯೇ, ಇದ್ದರೆ ಅವು ಸರಿಯುತ್ತವೆಯೇ ಎಂಬುದು ಕೈಬೆರಳಿಗೆ ಮಾತ್ರ ತಿಳಿಯುವ ಸಂಗತಿ. ಶಸ್ತ್ರಚಿಕಿತ್ಸೆ ಸಾಧ್ಯವೋ ಅಲ್ಲವೋ ಎಂಬುದು ಬಹುಮಟ್ಟಿಗೆ ಈ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಒಳಪರೀಕ್ಷೆ ಇಲ್ಲದೆ ರೋಗದ ಹಂತವನ್ನು ನಿರ್ಧರಿಸಲಾಗದು. ಸ್ತನದ ಗಂಟಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯದು, ರೋಗಿಯ ಒಟ್ಟು ಸ್ಥಿತಿ. ಕೀಮೋಥೆರಪಿ ಕೊಡಬಹುದೇ ಎಂದು ನಿರ್ಧರಿಸಲು ತಜ್ಞರು ಒಂದು ಅಳತೆಯನ್ನು ಬಳಸುತ್ತಾರೆ. 1982ರಲ್ಲಿ ಅಮೆರಿಕದ ಇಕಾಗ್ ಎಂಬ ತಜ್ಞರ ಗುಂಪು ಪ್ರಕಟಿಸಿದ ಈ ಅಳತೆಯಲ್ಲಿ ಎಂದಿನಂತೆ ಓಡಾಡಿಕೊಂಡಿರುವ ವ್ಯಕ್ತಿಗೆ 0, ಪೂರ್ತಿ ಹಾಸಿಗೆ ಹಿಡಿದವರಿಗೆ 4 ಎಂದು ಅಂಕವಿದೆ. ವೈದ್ಯರು ಈ ಅಂಕವನ್ನು ಪ್ರಶ್ನೆ ಕೇಳಿ ಮಾತ್ರ ನಿರ್ಧರಿಸುವುದಿಲ್ಲ. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ಹೇಗೆ ನಡೆದು ಬಂದರು, ಯಾರ ತೋಳನ್ನು ಹಿಡಿದಿದ್ದರು, ಕುಳಿತ ಮೇಲೆ ಎಷ್ಟು ಹೊತ್ತು ಏದುಸಿರು ಬಿಟ್ಟರು ಎಂಬುದನ್ನೆಲ್ಲ ನೋಡುತ್ತಾರೆ. ವಿಡಿಯೋ ಕರೆಯಲ್ಲಿ ಕಾಣುವುದು ಮುಖ ಮಾತ್ರ. ಅದೂ ಸ್ನಾನ ಮಾಡಿಸಿ, ಒಳ್ಳೆಯ ಬಟ್ಟೆ ಉಡಿಸಿ, ಬೆಳಕಿಗೆ ಕೂರಿಸಿದ ಮುಖ. ಫೋನಿನಲ್ಲಿ 'ಆರಾಮಾಗಿದ್ದೇನೆ' ಎನ್ನುವುದು ನಮ್ಮ ಜನರ ಸಂಪ್ರದಾಯ. ದೊಡ್ಡ ಡಾಕ್ಟರ ಮುಂದೆ ತನ್ನ ಕಷ್ಟ ಹೇಳಿ ಅವರ ಸಮಯ ಕೆಡಿಸಬಾರದೆಂಬ ಸಂಕೋಚವೂ ಅದರ ಹಿಂದಿರುತ್ತದೆ. ಸಡಿಲವಾದ ಬಳೆ, ಹೊಸದಾಗಿ ತೂತು ಹಾಕಿದ ಬೆಲ್ಟು ಇಂತಹ ಮಾತನ್ನು ಒಪ್ಪುವುದಿಲ್ಲ. ಆದರೆ ಅವು ತೆರೆಯ ಚೌಕಟ್ಟಿನ ಹೊರಗಿರುತ್ತವೆ.

ಮೂರನೆಯದು ಔಷಧದ ಪ್ರಮಾಣ. ಕೀಮೋಥೆರಪಿಯ ಬಹುತೇಕ ಔಷಧಗಳ ಪ್ರಮಾಣವನ್ನು ರೋಗಿಯ ಎತ್ತರ ಮತ್ತು ತೂಕದಿಂದ ಲೆಕ್ಕಹಾಕಲಾಗುತ್ತದೆ. ತೂಕ ಗಣನೀಯವಾಗಿ ಇಳಿದಿದ್ದರೆ ಹಳೆಯ ಪ್ರಮಾಣವು ಹೆಚ್ಚಾಗುತ್ತದೆ. ಪ್ರತಿ ಸುತ್ತಿಗೆ ಮೊದಲು ರಕ್ತಕಣಗಳ ಎಣಿಕೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳ ಫಲಿತಾಂಶ ವೈದ್ಯರ ಕಣ್ಣೆದುರು ಇರಬೇಕು. ಈ ಪರೀಕ್ಷೆಗಳನ್ನು ತಾಲ್ಲೂಕಿನಲ್ಲಿಯೇ ಮಾಡಿಸಿ ವರದಿ ಕಳುಹಿಸಬಹುದಾದ್ದರಿಂದ ಈ ಒಂದು ವಿಷಯದಲ್ಲಿ ವೈದ್ಯರ ನಿಲುವು ಇತ್ತೀಚೆಗೆ ಸಡಿಲಗೊಂಡಿದೆ. ಬೆರಳ ತುದಿ ಜೋಮು ಹಿಡಿಯುವುದು, ಬಾಯಲ್ಲಿ ಹುಣ್ಣು, ಭೇದಿ ಮುಂತಾದ ಅಡ್ಡಪರಿಣಾಮಗಳನ್ನು ಕೇಳಿ ತಿಳಿಯಬಹುದು. ರೇಡಿಯೋಥೆರಪಿಗೆ ಮಾತ್ರ ಯಂತ್ರವಿರುವಲ್ಲಿಗೇ ಹೋಗಬೇಕು.

ಎಚ್ಚರಿಕೆ: ಕೀಮೋಥೆರಪಿ ಪಡೆಯುತ್ತಿರುವವರಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದಲ್ಲಿ ಅದು ದೂರ ಸಮಾಲೋಚನೆಯ ವಿಷಯವಲ್ಲ. ಔಷಧದಿಂದ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗಿರುವ ದಿನಗಳಲ್ಲಿ ಸಣ್ಣ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಹುದು. ತಜ್ಞರು ಕರೆ ಸ್ವೀಕರಿಸಲೆಂದು ಕಾಯದೆ, ಜ್ವರದ ಮಾತ್ರೆ ನುಂಗಿ ರಾತ್ರಿ ಕಳೆಯದೆ, ರಕ್ತಪರೀಕ್ಷೆ ಮತ್ತು ಚುಚ್ಚುಮದ್ದಿನ ಸೌಲಭ್ಯವಿರುವ ಸಮೀಪದ ಆಸ್ಪತ್ರೆಗೆ ಕೂಡಲೇ ಹೋಗತಕ್ಕದ್ದು. ಕೀಮೋಥೆರಪಿ ನಡೆಯುತ್ತಿದೆ ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸತಕ್ಕದ್ದು. ತಜ್ಞರಿಗೆ ಕರೆ ಮಾಡುವುದನ್ನು ದಾರಿಯಲ್ಲಿ ಮಾಡಬಹುದು.

ಕಹಿ ಸುದ್ದಿಯ ಪ್ರಶ್ನೆ

ರೋಗ ಮರುಕಳಿಸಿದೆ, ಚಿಕಿತ್ಸೆ ಫಲಿಸುತ್ತಿಲ್ಲ ಎಂಬಂತಹ ಸುದ್ದಿಯನ್ನು ದೂರದಿಂದ ಹೇಳಬಹುದೇ ಎಂಬುದರ ಬಗ್ಗೆ ವೈದ್ಯರಲ್ಲಿಯೇ ಒಮ್ಮತವಿಲ್ಲ. ಇಂತಹ ಸುದ್ದಿ ಹೇಳುವ ಕ್ರಮದ ಬಗ್ಗೆ ವೈದ್ಯರಿಗೆ ತರಬೇತಿ ಇದೆ. ಆ ಕ್ರಮದ ಮೊದಲ ಹೆಜ್ಜೆಯೇ ಸೂಕ್ತ ಸ್ಥಳವನ್ನು ಏರ್ಪಡಿಸುವುದು: ಬಾಗಿಲು ಹಾಕಿದ ಕೊಠಡಿ, ಕುಳಿತು ಮಾತನಾಡುವ ವ್ಯವಸ್ಥೆ, ರೋಗಿಗೆ ಬೇಕಾದ ಒಬ್ಬರು ಜೊತೆಗಿರುವುದು. ಫೋನಿನಲ್ಲಿ ಈ ಹೆಜ್ಜೆಯೇ ವೈದ್ಯರ ಕೈಯಲ್ಲಿರುವುದಿಲ್ಲ. ಕರೆ ಬಂದಾಗ ರೋಗಿ ಹೊಲದಲ್ಲಿರಬಹುದು, ಬಸ್ಸಿನಲ್ಲಿರಬಹುದು. ಫೋನನ್ನು ಸ್ಪೀಕರಿಗೆ ಹಾಕಿ ಇಡೀ ಮನೆ ಕೇಳುತ್ತಿರಬಹುದು, ಪಕ್ಕದ ಮನೆಯವರೂ ಇರಬಹುದು. ಅಳುವವರಿಗೆ ನೀರು ಕೊಡಲು, ಒಂದು ಕ್ಷಣ ಸುಮ್ಮನೆ ಕುಳಿತಿರಲು ಅಲ್ಲಿ ಅವಕಾಶವಿಲ್ಲ. ಫೋನಿನಲ್ಲಿ ಮೌನವೆಂದರೆ 'ಹಲೋ, ಕೇಳ್ತಾ ಇದೆಯಾ' ಎಂಬ ಪ್ರಶ್ನೆಗೆ ಎಡೆಯಾಗುತ್ತದೆ.

ಇನ್ನೊಂದು ತೊಡಕು ನಮ್ಮ ಕುಟುಂಬಗಳದ್ದು. ರೋಗದ ಹೆಸರನ್ನು ರೋಗಿಗೆ ತಿಳಿಸದೆ ಮಕ್ಕಳು ಅಥವಾ ಅಣ್ಣತಮ್ಮಂದಿರು ಫೈಲು ಹಿಡಿದು ಆಸ್ಪತ್ರೆಗೆ ಓಡಾಡುವುದು ಮೊಬೈಲ್ ಬರುವ ಮೊದಲಿನಿಂದಲೂ ಇದ್ದ ರೂಢಿ. ರೋಗಿಯಿಲ್ಲದೆ ಫೈಲು ಮಾತ್ರ ಬಂದ ಆ ಭೇಟಿಯನ್ನು ನಮ್ಮ ಮೊದಲ ದೂರ ಸಮಾಲೋಚನೆ ಎಂದರೂ ತಪ್ಪಾಗದು. ಈಗ ಅದೇ ಮಗ ಫೋನು ಹಿಡಿದು ಪಡಸಾಲೆಗೆ ಬಂದು ತಗ್ಗಿದ ದನಿಯಲ್ಲಿ ಮಾತನಾಡುತ್ತಾನೆ. ಒಳಗಿರುವ ತಂದೆಯ ಅಭಿಪ್ರಾಯವೇನೆಂದು ವೈದ್ಯರಿಗೆ ತಿಳಿಯುವ ಮಾರ್ಗವಿಲ್ಲ. ಈ ಬಗ್ಗೆ ಮಾರ್ಗಸೂಚಿಯಲ್ಲಿ ಸ್ಪಷ್ಟ ಉಪಬಂಧವಿದೆ. ರೋಗಿಯು ಅಪ್ರಾಪ್ತ ವಯಸ್ಕರಾಗಿದ್ದರೆ ಅಥವಾ ಮಾತನಾಡಲಾರದ ಸ್ಥಿತಿಯಲ್ಲಿದ್ದರೆ ಆರೈಕೆ ಮಾಡುವವರು ಅವರ ಪರವಾಗಿ ಸಮಾಲೋಚಿಸಬಹುದು. ಉಳಿದ ಸಂದರ್ಭಗಳಲ್ಲಿ ರೋಗಿಯ ಅಧಿಕೃತ ಒಪ್ಪಿಗೆ, ಇಲ್ಲವೇ ಸಂಬಂಧವನ್ನು ದೃಢಪಡಿಸುವ ದಾಖಲೆ, ಇಲ್ಲವೇ ಹಿಂದಿನ ಖುದ್ದು ಭೇಟಿಯಲ್ಲಿ ರೋಗಿಯೇ ಅವರನ್ನು ಗುರುತಿಸಿರುವುದು ಅಗತ್ಯ. ಆದುದರಿಂದ ಮೊದಲ ಭೇಟಿಯ ದಿನವೇ 'ನನ್ನ ಪರವಾಗಿ ಇವರು ಮಾತನಾಡುತ್ತಾರೆ' ಎಂದು ರೋಗಿಯ ಬಾಯಿಂದಲೇ ಹೇಳಿಸಿ ಫೈಲಿನಲ್ಲಿ ಬರೆಸಿಕೊಂಡರೆ ಮುಂದೆ ಅನುಕೂಲ.

ನೋವು ನಿವಾರಕ ಔಷಧಗಳು

ಹೆಚ್ಚಿನ ಮನಸ್ತಾಪಕ್ಕೆ ಕಾರಣವಾಗುವ ವಿಷಯ ಇದಾಗಿರುವುದರಿಂದ ಸ್ವಲ್ಪ ವಿವರವಾಗಿ ತಿಳಿಸಲಾಗಿದೆ. ಮುಂದುವರಿದ ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಪ್ರಮುಖ ಔಷಧ. ಹಾಸಿಗೆ ಹಿಡಿದ ರೋಗಿಯ ಮಾತ್ರೆ ಮುಗಿದಾಗ ಮನೆಯವರು ವೈದ್ಯರಿಗೆ ಕರೆ ಮಾಡಿ, ಚೀಟಿಯನ್ನು ಮೊಬೈಲಿಗೆ ಕಳುಹಿಸಿ ಎಂದು ಕೋರುತ್ತಾರೆ. ವೈದ್ಯರು ನಿರಾಕರಿಸುತ್ತಾರೆ. ನೋವಿನಲ್ಲಿ ನರಳುತ್ತಿರುವವರ ಪಕ್ಕದಲ್ಲಿ ನಿಂತು ಕೇಳಿದಾಗ ಈ ನಿರಾಕರಣೆಯು ನಿರ್ದಯವೆನಿಸುವುದು ಸಹಜ.

ಆದರೆ ಇಲ್ಲಿ ವೈದ್ಯರಿಗೆ ವಿವೇಚನೆಯ ಅಧಿಕಾರವೇ ಇಲ್ಲ. ಸ್ವಾಪಕ ಔಷಧಗಳು ಮತ್ತು ಮನೋಪ್ರಭಾವಿ ವಸ್ತುಗಳ ಅಧಿನಿಯಮ, 1985ರ ಪಟ್ಟಿಯಲ್ಲಿರುವ ಔಷಧಗಳನ್ನೂ, ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಅನುಸೂಚಿ ಎಕ್ಸ್‌ನಲ್ಲಿರುವ ಔಷಧಗಳನ್ನೂ ದೂರ ಸಮಾಲೋಚನೆಯಲ್ಲಿ ಸೂಚಿಸುವುದನ್ನು 2020ರ ಮಾರ್ಗಸೂಚಿಯು ನಿಷೇಧಿಸಿದೆ. ಮಾರ್ಫಿನ್, ಫೆಂಟನಿಲ್ ಇವು ಮೊದಲನೆಯ ಗುಂಪಿಗೆ ಸೇರುತ್ತವೆ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಕೂಡ ಸದರಿ ಅಧಿನಿಯಮದ ವ್ಯಾಪ್ತಿಗೆ ಬಂದಿದೆ. ಕ್ಯಾನ್ಸರ್ ತಜ್ಞರ ಮಟ್ಟಿಗೆ ಹೇಳುವುದಾದರೆ, ದೂರ ಸಮಾಲೋಚನೆಯಿಂದ ಅತಿ ಹೆಚ್ಚು ಪ್ರಯೋಜನ ಪಡೆಯಬೇಕಾದವನು ಏಳಲಾರದ ರೋಗಿ. ಅವನಿಗೆ ಅತಿ ಅಗತ್ಯವಾದ ಔಷಧವೇ ಈ ಮಾರ್ಗದಲ್ಲಿ ದೊರೆಯುವುದಿಲ್ಲ. ದುರುಪಯೋಗ ತಡೆಯುವ ಉದ್ದೇಶವು ಸಾಧುವಾದದ್ದೇ ಆದರೂ ಇದರ ಭಾರ ಬೀಳುವುದು ನಿಜವಾದ ರೋಗಿಯ ಮೇಲೆ ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ.

ಪರಿಹಾರವಿಲ್ಲದೆ ಇಲ್ಲ. 2014ರ ತಿದ್ದುಪಡಿಯಿಂದ ಮಾರ್ಫಿನ್ ಸೇರಿದಂತೆ ಕೆಲವು ಔಷಧಗಳನ್ನು ಅತ್ಯಗತ್ಯ ಸ್ವಾಪಕ ಔಷಧಗಳೆಂದು ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅವುಗಳನ್ನು ದಾಸ್ತಾನು ಇಟ್ಟು ವಿತರಿಸುವ ಕ್ರಮವನ್ನು ಸರಳಗೊಳಿಸಲಾಗಿದೆ. ಅಂತಹ ಸಂಸ್ಥೆ ತಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂಬುದನ್ನು ಚಿಕಿತ್ಸೆ ನೀಡುತ್ತಿರುವ ತಜ್ಞರಿಂದಲೇ ಮೊದಲೇ ಕೇಳಿ ತಿಳಿದು, ಅಲ್ಲಿ ರೋಗಿಯ ಹೆಸರನ್ನು ನೋಂದಾಯಿಸಿಕೊಳ್ಳುವುದು ಸೂಕ್ತ. ಮಾತ್ರೆ ಮುಗಿದ ದಿನ ಹುಡುಕಾಡುವುದರಿಂದ ಪ್ರಯೋಜನವಿಲ್ಲ. ಮನೆಗೇ ಬಂದು ನೋಡುವ ಉಪಶಾಮಕ ಆರೈಕೆ ತಂಡಗಳೂ ಇವೆ. ಬೆಂಗಳೂರಿನ ಕರುಣಾಶ್ರಯವು ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಇಂತಹ ಆರೈಕೆ ನೀಡುತ್ತಿದೆ. ಮನೆಗೆ ಬಂದ ದಾದಿಯ ಪಕ್ಕದಲ್ಲಿ ಕುಳಿತು ಮಾಡುವ ವಿಡಿಯೋ ಕರೆಗೆ ತಜ್ಞರು ಹಿಂಜರಿಯುವುದು ಅಪರೂಪ. ಏಕೆಂದರೆ ಮುಟ್ಟಿ ನೋಡಿದವರೊಬ್ಬರು ಅಲ್ಲಿದ್ದಾರೆ.

ತಜ್ಞರು ಸಾಮಾನ್ಯವಾಗಿ ಒಪ್ಪುವ ಸಂದರ್ಭಗಳು

ಚಿಕಿತ್ಸೆ ಮುಗಿದ ನಂತರದ ವರ್ಷಗಳಲ್ಲಿನ ಹಲವು ಭೇಟಿಗಳು ಈ ಗುಂಪಿಗೆ ಸೇರುತ್ತವೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಯ ಬಳಿಕ 5 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾರ್ಮೋನ್ ಮಾತ್ರೆ ಸೇವಿಸುವ ಮಹಿಳೆಯರು ಪ್ರತಿ ಸಲವೂ ದೂರ ಪ್ರಯಾಣ ಮಾಡಬೇಕಾಗಿಲ್ಲ. ಆದರೆ ವೈದ್ಯರು ನಿಗದಿಪಡಿಸಿದ ದೈಹಿಕ ಪರೀಕ್ಷೆ ಮತ್ತು ಮ್ಯಾಮೊಗ್ರಾಮ್ ತಪ್ಪಿಸಕೂಡದು. ದೀರ್ಘಕಾಲಿಕ ಮೈಲಾಯ್ಡ್ ರಕ್ತ ಕ್ಯಾನ್ಸರಿಗೆ ಇಮ್ಯಾಟಿನಿಬ್ ಮಾತ್ರೆ ನುಂಗುತ್ತಿರುವವರ ಪ್ರಗತಿಯನ್ನು ಮುಖ್ಯವಾಗಿ ರಕ್ತದ ವರದಿಗಳಿಂದಲೇ ಅಳೆಯಲಾಗುತ್ತದೆ. ಥೈರಾಯ್ಡ್ ಕ್ಯಾನ್ಸರಿನಲ್ಲಿಯೂ ಹೆಚ್ಚು ಕಡಿಮೆ ಹೀಗೆಯೇ. ಶಸ್ತ್ರಚಿಕಿತ್ಸೆಯ ಗಾಯ ಒಣಗುತ್ತಿದೆಯೇ ಎಂದು ನೋಡುವುದು, ಕೀಮೋಥೆರಪಿಯ ಮರುವಾರ ವಾಂತಿ ಭೇದಿ ವಿಚಾರಿಸುವುದು, ಆಹಾರ ಸಲಹೆ ಇವುಗಳಿಗೂ ವೈದ್ಯರು ಒಪ್ಪುತ್ತಾರೆ. ಅದೇ ಕಾಯಿಲೆಗೆ ಖುದ್ದು ಭೇಟಿಯಾಗಿ 6 ತಿಂಗಳೊಳಗೆ ನಡೆಯುವ ಸಮಾಲೋಚನೆಯನ್ನು ಮಾರ್ಗಸೂಚಿಯು ಮುಂದುವರಿದ ಸಮಾಲೋಚನೆ ಎಂದು ಪರಿಗಣಿಸುತ್ತದೆ. ಅವಧಿ ಮೀರಿದರೆ ಅಥವಾ ಹೊಸ ತೊಂದರೆ ಕಾಣಿಸಿಕೊಂಡರೆ ಅದು ಹೊಸ ಸಮಾಲೋಚನೆಯಾಗುತ್ತದೆ.

ತಜ್ಞರ ಅಭಿಪ್ರಾಯದ ಬಗ್ಗೆ ಹೊರದೇಶಗಳಲ್ಲಿ ನಡೆದ ಕೆಲವು ಅಧ್ಯಯನಗಳು ಇಲ್ಲಿ ಉಲ್ಲೇಖಾರ್ಹ. ಅಮೆರಿಕದ ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಕೋವಿಡ್ ಅಲ್ಲಿ ವ್ಯಾಪಿಸುವುದಕ್ಕೆ ಸ್ವಲ್ಪ ಮೊದಲು, ಅಂದರೆ 2019ರ ಅಕ್ಟೋಬರ್‌ನಿಂದ 2020ರ ಮಾರ್ಚ್ ಆರಂಭದವರೆಗೆ, ಕ್ಯಾನ್ಸರ್ ವಿಭಾಗದ 29 ಮಂದಿ ವೃತ್ತಿಪರರನ್ನು ಸಂದರ್ಶಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ರೋಗಿಗೆ ಅನುಕೂಲವಾಗುತ್ತದೆ ಎಂಬುದನ್ನು ಅವರು ಒಪ್ಪಿದರು. ದೈಹಿಕ ಪರೀಕ್ಷೆಗೆ ಮಿತಿಯಿದೆ ಎಂದರು. ರೋಗಿಯೊಂದಿಗಿನ ಬಾಂಧವ್ಯ ಹೆಚ್ಚುತ್ತದೆಯೋ ಕುಗ್ಗುತ್ತದೆಯೋ ಎಂಬ ವಿಷಯದಲ್ಲಿ ಮಾತ್ರ ಅಭಿಪ್ರಾಯಗಳು ಒಡೆದವು. ಬೆಂಗಳೂರಿನ ವೈದ್ಯರನ್ನು ಕೇಳಿದರೂ ಇದಕ್ಕಿಂತ ತೀರ ಬೇರೆಯಾದ ಉತ್ತರ ಬರಲಾರದು ಎಂದು ತೋರುತ್ತದೆ.

ಅಭಿಪ್ರಾಯಕ್ಕಿಂತ ಫಲಿತಾಂಶ ಮುಖ್ಯವೆನ್ನುವವರಿಗೆ ಇನ್ನೆರಡು ಅಧ್ಯಯನಗಳಿವೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಮುಂದುವರಿದ ಕ್ಯಾನ್ಸರಿನ 766 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಗಣಕಯಂತ್ರದ ಮೂಲಕ ಆಗಾಗ ತಿಳಿಸುವಂತೆ ಏರ್ಪಡಿಸಲಾಯಿತು. 2017ರಲ್ಲಿ ಪ್ರಕಟವಾದಂತೆ ಆ ಗುಂಪಿನವರ ಮಧ್ಯಮ ಜೀವಿತಾವಧಿ 31.2 ತಿಂಗಳು, ಉಳಿದವರದು 26 ತಿಂಗಳು. ಆದರೆ ಇದನ್ನು ಯಂತ್ರದ ಮಹಿಮೆ ಎಂದು ಭಾವಿಸಬಾರದು. ತೊಂದರೆ ಹೆಚ್ಚಾದ ಕೂಡಲೇ ದಾದಿಯರಿಗೆ ಸಂದೇಶ ಹೋಗುತ್ತಿತ್ತು, ಅವರು ಕ್ರಮ ಕೈಗೊಳ್ಳುತ್ತಿದ್ದರು. ಸಂದೇಶ ಓದುವವರಿಲ್ಲದ ಕಡೆ ಅದೇ ತಂತ್ರಾಂಶ ಹಾಕಿದರೆ ಖರ್ಚು ಮಾತ್ರ ಉಳಿಯುತ್ತದೆ. ಅಮೆರಿಕದ 22 ಕೇಂದ್ರಗಳಲ್ಲಿ ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿನ 1,250 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಉಪಶಾಮಕ ಆರೈಕೆಯನ್ನು ವಿಡಿಯೋ ಮೂಲಕ ಪಡೆದವರ ಮತ್ತು ಖುದ್ದಾಗಿ ಪಡೆದವರ ಜೀವನದ ಗುಣಮಟ್ಟವು ಸಮನಾಗಿ ಕಂಡುಬಂದಿತು.

ವಾಟ್ಸ್‌ಆ್ಯಪ್ ಸಂದೇಶಗಳ ಬಗ್ಗೆ

ವೈದ್ಯರ ಸ್ವಂತ ಮೊಬೈಲ್ ಸಂಖ್ಯೆ ಸಿಕ್ಕಿದೆಯೆಂದು ಹೊತ್ತಲ್ಲದ ಹೊತ್ತಿನಲ್ಲಿ ವರದಿಗಳ ಚಿತ್ರ ಕಳುಹಿಸಿ ಉತ್ತರ ನಿರೀಕ್ಷಿಸುವುದು ಈಗ ಸಾಮಾನ್ಯವಾಗಿದೆ. ದೂರ ಸಮಾಲೋಚನೆಯನ್ನು ಬೆಂಬಲಿಸುವ ತಜ್ಞರೂ ಇದನ್ನು ಇಷ್ಟಪಡುವುದಿಲ್ಲ. ಮಾರ್ಗಸೂಚಿಯು ಲಿಖಿತ ಸಂದೇಶವನ್ನೂ ಒಪ್ಪಿದ ಮಾಧ್ಯಮವೆಂದೇ ಪರಿಗಣಿಸಿದ್ದು, ಆಕ್ಷೇಪಣೆಯು ಮಾಧ್ಯಮದ ಬಗ್ಗೆ ಅಲ್ಲ. ಆಸ್ಪತ್ರೆಯ ಫೈಲು ಮುಂದಿಲ್ಲದೆ, ನೂರಾರು ರೋಗಿಗಳಲ್ಲಿ ಇವರಾರೆಂದು ನೆನಪಾಗದೆ ಕೊಟ್ಟ ಒಂದು ಸಾಲಿನ ಉತ್ತರವೂ ಕಾನೂನಿನ ದೃಷ್ಟಿಯಲ್ಲಿ ವೈದ್ಯಕೀಯ ಸಲಹೆಯೇ ಆಗುತ್ತದೆ ಎಂಬುದು ಅವರ ಆತಂಕ. ಜೊತೆಗೆ, ಸಿ.ಟಿ. ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೆಗೆದ ಚಿತ್ರದಿಂದ ಯಾವ ತಜ್ಞರೂ ನಿರ್ಧಾರಕ್ಕೆ ಬರಲಾರರು. ಸ್ಕ್ಯಾನ್ ಮಾಡಿದ ಕೇಂದ್ರದಿಂದ ಸಿ.ಡಿ. ಅಥವಾ ಮೂಲ ಕಡತವನ್ನು ಪಡೆದು ಕಳುಹಿಸಬೇಕು. ಬಯಾಪ್ಸಿಯ ವಿಷಯದಲ್ಲಿ ಮತ್ತೊಬ್ಬರ ಅಭಿಪ್ರಾಯ ಬೇಕಾದರೆ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೇ ಕಳುಹಿಸಬೇಕಾಗುತ್ತದೆ. ವರದಿಯ ನಕಲು ಸಾಲದು.

ಪ್ರಯಾಣ ವೆಚ್ಚ ಮತ್ತು ಸ್ಥಳೀಯ ಕೇಂದ್ರಗಳು

1980ರಿಂದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಗಿರುವ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಂದಲೂ ನೆರೆರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಒಂದು ಭೇಟಿ ಎಂದರೆ ರೋಗಿ ಮತ್ತು ಜೊತೆಗಾರ, ಇಬ್ಬರ ಹೋಗಿಬರುವ ಪ್ರಯಾಣ, ಎರಡು ರಾತ್ರಿ ಬಸ್ಸು ಅಥವಾ ರೈಲು, ಊಟ, ಕೆಲವೊಮ್ಮೆ ವಸತಿ, ಇಬ್ಬರ ಎರಡು ಮೂರು ದಿನದ ಕೂಲಿ. ಚಿಕಿತ್ಸೆಯ ವೆಚ್ಚವನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಭರಿಸಿದರೂ ಈ ಖರ್ಚು ಯಾವ ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿಯೂ ಕಾಣುವುದಿಲ್ಲ. ಅರ್ಥಶಾಸ್ತ್ರದಲ್ಲಿ ಲೆಕ್ಕಕ್ಕೆ ಬಾರದ ವೆಚ್ಚವೂ ವೆಚ್ಚವೇ. ಕೆಲವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದಕ್ಕೆ ಔಷಧದ ಬೆಲೆಗಿಂತ ಇದೇ ಕಾರಣವಾಗುತ್ತದೆ. ಹಾಗೆ ಬಿಟ್ಟುಹೋಗುವವರನ್ನು ಕಂಡಿರುವ ವೈದ್ಯರಲ್ಲಿ ದೂರ ಸಮಾಲೋಚನೆಯ ಪರವಾದ ಒಲವು ಹೆಚ್ಚು. ಮುಟ್ಟಿ ನೋಡದ ಸಮಾಲೋಚನೆಯಲ್ಲಿ ಕೊರತೆಯಿದ್ದರೂ ಬಾರದೇ ಹೋದ ರೋಗಿಗಿಂತ ಅದು ಮೇಲು ಎಂಬುದು ಅವರ ವಾದ.

ಇವೆರಡರ ನಡುವಿನ ದಾರಿ ಎಂದರೆ ತಜ್ಞರು ದೂರದಲ್ಲಿದ್ದು, ರೋಗಿ ಸಮೀಪದ ಆಸ್ಪತ್ರೆಯ ವೈದ್ಯರ ಮುಂದಿರುವುದು. ಕಿದ್ವಾಯಿ ಸಂಸ್ಥೆಯ ಹೊರಕೇಂದ್ರ ಕಲಬುರಗಿಯಲ್ಲಿದೆ. 2025ರಲ್ಲಿ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆ ಕೀಮೋಥೆರಪಿ ಕೇಂದ್ರಗಳನ್ನು ಆರಂಭಿಸಲಾಗಿದ್ದು, ದೊಡ್ಡ ಕೇಂದ್ರದಲ್ಲಿ ನಿರ್ಧಾರವಾದ ಚಿಕಿತ್ಸೆಯ ಮುಂದಿನ ಸುತ್ತುಗಳನ್ನು ಊರಿನ ಹತ್ತಿರವೇ ಪಡೆಯುವುದು ಇದರ ಉದ್ದೇಶ. 2019ರಲ್ಲಿ ಆರಂಭವಾಗಿ 2023ರ ಫೆಬ್ರವರಿ ವೇಳೆಗೆ ದೇಶದಲ್ಲಿ 10 ಕೋಟಿ ಸಮಾಲೋಚನೆಗಳನ್ನು ದಾಟಿದ ಇ-ಸಂಜೀವಿನಿ ವ್ಯವಸ್ಥೆಯಲ್ಲಿಯೂ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯ ಪಕ್ಕದಲ್ಲಿದ್ದು ವೈದ್ಯರೊಂದಿಗೆ ಮಾತನಾಡಿಸುವ ವಿಧಾನವಿದೆ. ಆದರೆ ಅದು ಸಾಮಾನ್ಯ ಸಮಾಲೋಚನೆಯ ವ್ಯವಸ್ಥೆಯಾಗಿದ್ದು, ಕ್ಯಾನ್ಸರಿನ ಶಂಕೆ ಇದ್ದವರು ಅದನ್ನು ಎಲ್ಲಿಗೆ ಹೋಗಬೇಕೆಂದು ತಿಳಿಯಲು ಬಳಸಬಹುದೇ ಹೊರತು ತಪಾಸಣೆಗೆ ಬದಲಿಯಾಗಿ ಅಲ್ಲ.

ಸಮಾಲೋಚನೆಗೆ ಮುನ್ನ

ದೂರ ಸಮಾಲೋಚನೆಗೆ ದಿನ ನಿಗದಿಯಾದಲ್ಲಿ ಆಸ್ಪತ್ರೆಯ ನೋಂದಣಿ ಸಂಖ್ಯೆ, ಕೊನೆಯ ಬಿಡುಗಡೆ ಸಾರಾಂಶ, ಇತ್ತೀಚಿನ ರಕ್ತ ವರದಿ ಮತ್ತು ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು, ನಾಟಿ ಔಷಧವಿದ್ದಲ್ಲಿ ಅದನ್ನೂ ಸೇರಿಸಿ, ಕೈಗೆಟುಕುವಂತೆ ಇಟ್ಟುಕೊಳ್ಳತಕ್ಕದ್ದು. ಅಂದು ಬೆಳಿಗ್ಗೆ ನ್ಯಾಯಬೆಲೆ ಅಂಗಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ತೂಕ ನೋಡಿಸಿ ಬರೆದಿಡುವುದು ಸಣ್ಣ ಕೆಲಸವೆನಿಸಿದರೂ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ಮಾತನಾಡುವಾಗ ಕೊಠಡಿಯಲ್ಲಿ ಯಾರು ಯಾರಿದ್ದಾರೆ ಎಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಯೇ ಇಡದೆ, ಫೋನನ್ನು ದೂರ ಹಿಡಿದು, ನಾಲ್ಕು ಹೆಜ್ಜೆ ನಡೆಸಿ ತೋರಿಸಬಹುದು. ಎಷ್ಟು ಹೊತ್ತು ಮಲಗಿರುತ್ತಾರೆ, ಶೌಚಕ್ಕೆ ತಾವೇ ಹೋಗುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಮರ್ಯಾದೆಯ ಉತ್ತರ ಕೊಡದೆ ಇದ್ದದ್ದನ್ನು ಇದ್ದಂತೆ ಹೇಳತಕ್ಕದ್ದು. ಸಮಾಲೋಚನೆಯ ನಂತರ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯುಳ್ಳ ಔಷಧ ಚೀಟಿಯನ್ನು ಕೇಳಿ ಪಡೆದು, ಮುಂದಿನ ಭೇಟಿ ಫೋನಿನಲ್ಲಿಯೋ ಖುದ್ದಾಗಿಯೋ ಎಂಬುದನ್ನು ಅದರ ಮೇಲೆಯೇ ಬರೆಸಿಕೊಳ್ಳತಕ್ಕದ್ದು.